ಜೂನಲ್ಲಿ ಹಾಕಿದ ಗೊಬ್ಬರ ಎಲ್ಲಿಗೆ ಹೋಗತ್ತೆ? ಲೀಚಿಂಗ್ ಬಗ್ಗೆ ಕೊಪ್ಪದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ದು ಕೊಪ್ಪ ತಾಲೂಕು, ಎರಡು ಎಕರೆ ಅಡಿಕೆ ತೋಟ, ಇಳಿಜಾರು ಜಾಗ, ಜಂಬಿಟ್ಟಿಗೆ ಮಣ್ಣು. ವರ್ಷಾ ವರ್ಷ ಮಳೆ ಹಿಡಿದ ಕೂಡ್ಲೆ ಜೂನ್ ಮೊದಲ ವಾರದಲ್ಲಿ ಯೂರಿಯಾ, ಪೊಟ್ಯಾಶ್ ಎಲ್ಲಾ ಒಟ್ಟಿಗೆ ಬುಡಕ್ಕೆ ಹಾಕ್ತೀವಿ. ಆದ್ರೂ ಕೆಳಗಿನ ಸೋಗೆ ಹಳದಿ, ಫಸಲು ಇಳೀತಾ ಇದೆ. ಮಣ್ಣು ಟೆಸ್ಟ್ ಮಾಡ್ಸಿದ್ವಿ, ಪಿಎಚ್ 4.8, ಸಾವಯವ ಇಂಗಾಲ 1.1, ಪೊಟ್ಯಾಶ್ ಹೆಕ್ಟೇರಿಗೆ 96 ಕೆಜಿ ಬಂತು. ಲೀಚಿಂಗ್ ಆಗಿದೆ ಅಂದ್ರು. ಹಾಗಂದ್ರೆ ಏನು, ಅದ್ರಿಂದ ಮಣ್ಣಿಗೆ ಏನಾಗತ್ತೆ? ಕೊಚ್ಚಿ ಹೋಗೋದು ಲೆಕ್ಕ ಹಿಡಿದು ಗೊಬ್ಬರ ಜಾಸ್ತಿ ಹಾಕ್ಬೇಕಾ? ಪಕ್ಕದ ತೋಟದವರು ಪೂರ್ತಿ ಸಾವಯವ ಮಾಡಿ, ಲೀಚಿಂಗೇ ಆಗಲ್ಲ ಅಂತಾರೆ. ಸಿಂಧನೂರಲ್ಲಿರೋ ನಮ್ಮ ಭಾವ ನೋಡಿದ್ರೆ ಲೀಚಿಂಗ್ ಮಾಡ್ಸಿದ್ಮೇಲೇ ನಮ್ಮ ಗದ್ದೆ ಸುಧಾರಿಸಿದ್ದು ಅಂತಾರೆ. ಯಾವ್ದು ಸರಿ?

ಉತ್ತರ: ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಗೊಬ್ಬರದ ಡೋಸ್ ಜಾಸ್ತಿ ಮಾಡ್ಬೇಡಿ. ಹಾಗೆ ಮಾಡಿದ್ರೆ ದುಡ್ಡು ಹೋಗೋದು ಒಂದು ಕಡೆ, ನಿಮ್ಮ ಪಿಎಚ್ ಇನ್ನೂ ಕೆಳಗಿಳಿಯತ್ತೆ, ಅಂದ್ರೆ ಮಣ್ಣು ಇನ್ನೂ ಹುಳಿ ಆಗತ್ತೆ. ಯಾಕೆ ಅನ್ನೋದನ್ನ ಸ್ವಲ್ಪ ಉದ್ದವಾಗೇ ಬರೀತೀನಿ, ಯಾಕಂದ್ರೆ ಈ ವಿಷಯದಲ್ಲಿ ಅರ್ಧ ತಿಳ್ಕೊಂಡು ಚೀಲಗಟ್ಲೆ ಗೊಬ್ಬರ ಸುರಿಯೋರು ಮಲೆನಾಡಲ್ಲಿ ತುಂಬಾ ಜನ ಇದಾರೆ.

ಲೀಚಿಂಗ್ ಅಂದ್ರೆ ಮಣ್ಣಿನೊಳಗೆ ಇಳಿಯೋ ನೀರು ಅಲ್ಲಿರೋ ಪೋಷಕಾಂಶ, ಲವಣಗಳನ್ನ ಕರಗಿಸ್ಕೊಂಡು ಬೇರಿಗೆ ಸಿಗದಷ್ಟು ಆಳಕ್ಕೆ ಒಯ್ಯೋದು. ಮಳೆ ನೀರು ಮೇಲ್ಮೈ ಮೇಲೆ ಹರಿದು ಮಣ್ಣನ್ನೇ ಕೊಚ್ಕೊಂಡು ಹೋಗತ್ತಲ್ಲ, ಅದು ಬೇರೆ, ಅದು ಕಣ್ಣಿಗೆ ಕಾಣತ್ತೆ, ಹಳ್ಳದ ನೀರು ಕೆಂಪಗಾಗತ್ತೆ. ಲೀಚಿಂಗ್ ಕಾಣಲ್ಲ. ಮಣ್ಣು ಇದ್ದಲ್ಲೇ ಇರತ್ತೆ, ಬಣ್ಣ ಅದೇ, ಅದರೊಳಗಿನ ಸತ್ವ ಮಾತ್ರ ಇಳಿದು ಹೋಗಿರತ್ತೆ.

ಎಷ್ಟು ನೀರು ಇಳಿಯತ್ತೆ ಅನ್ನೋದನ್ನ ನಿಮ್ಮ ತೋಟದ್ದೇ ಲೆಕ್ಕದಲ್ಲಿ ನೋಡೋಣ. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ನಿಮ್ಮ ಕಡೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಅಂತ ಇಟ್ಕೊಳ್ಳಿ, ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಆಚೆ ಆಗುಂಬೆಯಲ್ಲಾದ್ರೆ 7,000 ದಾಟತ್ತೆ. ಅಡಿಕೆ ಮರದ ಬುಡದ ಸುತ್ತ ಮುಕ್ಕಾಲು ಮೀಟರ್ ದೂರದವರೆಗೆ ಗೊಬ್ಬರ ಹಾಕ್ತೀರಿ ಅಂದ್ರೆ ಆ ಪಾತಿ ಹೆಚ್ಚುಕಡಿಮೆ 1.8 ಚದರ ಮೀಟರ್ ಆಗತ್ತೆ. ಅಂದ್ರೆ ಒಂದೊಂದು ಪಾತಿ ಮೇಲೂ ಐದು ಸಾವಿರ ಲೀಟರಿಗಿಂತ ಹೆಚ್ಚು ನೀರು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದಷ್ಟು ಸೋಗೆ ಮೇಲೆ ನಿಲ್ಲತ್ತೆ, ಒಂದಷ್ಟು ಇಳಿಜಾರಲ್ಲಿ ಹರಿದು ಹೋಗತ್ತೆ ಅಂದ್ರೂ ಸಾವಿರಾರು ಲೀಟರ್ ನೀರು ನೀವು ಹಾಕಿದ ಇನ್ನೂರು ಚಿಲ್ಲರೆ ಗ್ರಾಂ ಯೂರಿಯಾ, ಇನ್ನೂರು ಚಿಲ್ಲರೆ ಗ್ರಾಂ ಪೊಟ್ಯಾಶ್ ಮೂಲಕಾನೇ ಇಳೀಬೇಕು. ಆ ಜಂಬಿಟ್ಟಿಗೆ ಮಣ್ಣಲ್ಲಿ ಎಷ್ಟು ಜೋರು ಮಳೆ ಬಂದ್ರೂ ನೀರು ಬೇಗ ಇಂಗತ್ತೆ, ನಿಮಗೇ ಗೊತ್ತು.

ಆದ್ರೆ ನೀರಿಗೆ ಸಿಕ್ಕಿದ್ದೆಲ್ಲಾ ಹೋಗಲ್ಲ. ಮಣ್ಣಿನ ಜೇಡಿ ಕಣಗಳ ಮೇಲೆ, ಕೊಳೆತ ಸಾವಯವ ವಸ್ತುವಿನ ಮೇಲೆ ಋಣ ವಿದ್ಯುದಂಶ ಇರತ್ತೆ, ಅಂದ್ರೆ ನೆಗೆಟಿವ್ ಚಾರ್ಜ್. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶಿಯಂ, ಅಮೋನಿಯಂ ಇವೆಲ್ಲ ಪಾಸಿಟಿವ್, ಹಾಗಾಗಿ ಮಣ್ಣು ಅವನ್ನ ಹಿಡ್ಕೊಳ್ಳತ್ತೆ. ನೈಟ್ರೇಟ್ ನೆಗೆಟಿವ್, ಅದನ್ನ ಹಿಡಿಯೋರು ಯಾರೂ ಇಲ್ಲ, ನೀರು ಎಲ್ಲಿಗೆ ಹೋಗತ್ತೋ ಅಲ್ಲಿಗೆ ಅದೂ ಹೋಗತ್ತೆ. ಬೋರಾನ್ ಕೂಡ ಮಳೆ ಜಾಸ್ತಿ ಇರೋ ಕಡೆ ಸುಲಭವಾಗಿ ಇಳಿದು ಹೋಗೋ ಜಾತಿ. ರಂಜಕ ಮಾತ್ರ ತದ್ವಿರುದ್ಧ, ನಿಮ್ಮ ಮಣ್ಣಲ್ಲಿರೋ ಕಬ್ಬಿಣ, ಅಲ್ಯುಮಿನಿಯಂ ಅದನ್ನ ಎಷ್ಟು ಗಟ್ಟಿಯಾಗಿ ಕಚ್ಕೊಳ್ಳತ್ತೆ ಅಂದ್ರೆ ಬೇರಿಗೂ ಸರಿಯಾಗಿ ಬಿಡಲ್ಲ.

ಯೂರಿಯಾ ಕಥೆ ಸ್ವಲ್ಪ ವಿಚಿತ್ರ. ಅದು ಚೀಲದಿಂದ ಬರುವಾಗ ಪಾಸಿಟಿವೂ ಅಲ್ಲ ನೆಗೆಟಿವೂ ಅಲ್ಲ, ಹಾಕಿದ ದಿನಾನೇ ಜಡಿ ಮಳೆ ಹೊಡೆದ್ರೆ ಯೂರಿಯಾ ಆಗೇ ಇಳಿದು ಹೋಗತ್ತೆ. ಮಳೆ ಹದವಾಗಿದ್ರೆ ಕೆಲವು ದಿನದಲ್ಲಿ ಅಮೋನಿಯಂ ಆಗತ್ತೆ, ಆ ಹೊತ್ತಿಗೆ ಮಣ್ಣು ಹಿಡ್ಕೊಳ್ಳತ್ತೆ, ಒಳ್ಳೇದೇ. ಆಮೇಲೆ ಮಣ್ಣಿನ ಬ್ಯಾಕ್ಟೀರಿಯಾಗಳು ಆ ಅಮೋನಿಯಂನ ಕೆಲವು ವಾರದಲ್ಲಿ ನೈಟ್ರೇಟ್ ಮಾಡ್ತವೆ. ನೀವು ಜೂನ್ ಮೊದಲ ವಾರ ಹಾಕಿದ್ದು ನೈಟ್ರೇಟ್ ಆಗಿ ಸಿದ್ಧವಾಗೋ ಹೊತ್ತಿಗೆ ಸರಿಯಾಗಿ ಜೂನ್ ಕೊನೆ, ಜುಲೈ, ನಿಮ್ಮ ಕಡೆ ಮಳೆ ಅತಿ ಜೋರಾಗಿರೋ ಕಾಲ. ಇದಕ್ಕಿಂತ ತಪ್ಪಾದ ಟೈಮ್ ಹುಡುಕಿದ್ರೂ ಸಿಗಲ್ಲ. ಬೇವು ಲೇಪಿತ ಯೂರಿಯಾ ಬಂದ್ಮೇಲೆ (2015ರಿಂದ ನಮ್ಮ ದೇಶದಲ್ಲಿ ತಯಾರಾಗೋ ಯೂರಿಯಾ ಪೂರ್ತಿ ಬೇವು ಲೇಪಿತ ಆಗಿರ್ಬೇಕು ಅಂತ ಮಾಡಿದಾರೆ) ಈ ಬದಲಾವಣೆ ಸ್ವಲ್ಪ ನಿಧಾನ ಆಗತ್ತೆ ಅನ್ನೋದು ನಿಜ, ಆದ್ರೆ ಜುಲೈ ಮಳೆಯನ್ನ ದಾಟಿಸೋವಷ್ಟು ಅಲ್ಲ.

ಈಗ ಬರೋದು ಮುಖ್ಯ ವಿಷಯ, ಇದನ್ನ ಹೆಚ್ಚಿನೋರು ಹೇಳೋದೇ ಇಲ್ಲ. ನೈಟ್ರೇಟ್ ಒಂದೇ ಹೋಗಲ್ಲ. ಅದು ನೆಗೆಟಿವ್ ಆದ್ದರಿಂದ ಇಳಿಯುವಾಗ ಜೊತೆಗೆ ಅಷ್ಟೇ ಲೆಕ್ಕದ ಪಾಸಿಟಿವ್ ಒಂದು ಹೋಗ್ಲೇಬೇಕು, ಅದು ಕ್ಯಾಲ್ಸಿಯಂ ಆಗಬಹುದು, ಮೆಗ್ನೀಸಿಯಂ ಆಗಬಹುದು, ಪೊಟ್ಯಾಶಿಯಂ ಆಗಬಹುದು. ಅವು ಬಿಟ್ಟು ಹೋದ ಜಾಗಕ್ಕೆ ಬಂದು ಕೂರೋದು ಹೈಡ್ರೋಜನ್ನು, ಆಮೇಲೆ ಅಲ್ಯುಮಿನಿಯಂ. ಅದೇ ಹುಳಿ. ಅಮೋನಿಯಂ ನೈಟ್ರೇಟ್ ಆಗುವಾಗ್ಲೇ ಆಮ್ಲ ಹುಟ್ಟಿರತ್ತೆ, ಆ ನೈಟ್ರೇಟ್‌ನ ಬೇರು ಹೀರ್ಕೊಂಡ್ರೆ ಬೇರು ಅದಕ್ಕೆ ಬದಲಾಗಿ ಹುಳಿ ತಗ್ಗಿಸೋ ಕ್ಷಾರವನ್ನ ಹೊರಗೆ ಬಿಡೋದ್ರಿಂದ ಆ ಆಮ್ಲದ ಬಹುಪಾಲು ಅಲ್ಲೇ ಸಮ ಆಗ್ಬಿಡತ್ತೆ. ಬೇರಿಗೆ ಸಿಗದೆ ಇಳಿದು ಹೋದ್ರೆ ಆಮ್ಲ ಮಾತ್ರ ಮೇಲೆ ಉಳ್ಕೊಳ್ಳತ್ತೆ. ಹಾಗಾಗಿ ಯೂರಿಯಾ ಹಾಕಿದ್ದಕ್ಕೆ ಮಣ್ಣು ಹುಳಿ ಆಯ್ತು ಅನ್ನೋದು ಅರ್ಧ ಸತ್ಯ, ಹಾಕಿದ ಯೂರಿಯಾ ಮರಕ್ಕೆ ಸಿಗದೆ ಸೋರಿ ಹೋಗಿದ್ದಕ್ಕೆ ಹುಳಿ ಆಯ್ತು ಅನ್ನೋದು ಪೂರ್ತಿ.

ಲೆಕ್ಕ ನೋಡಿ. ಯೂರಿಯಾ ರೂಪದಲ್ಲಿ ಹಾಕಿದ ಒಂದು ಕೆಜಿ ಸಾರಜನಕ ಅಷ್ಟೂ ನೈಟ್ರೇಟ್ ಆಗಿ ಸೋರಿ ಹೋದ್ರೆ ಅದು ಬಿಟ್ಟು ಹೋಗೋ ಹುಳಿಯನ್ನ ಸರಿ ಮಾಡೋಕೆ ಸುಮಾರು 3.6 ಕೆಜಿ ಶುದ್ಧ ಸುಣ್ಣದ ಕಲ್ಲಿನ ಪುಡಿ ಬೇಕು. ಅಡಿಕೆಗೆ ಶಿಫಾರಸು ವರ್ಷಕ್ಕೆ ಮರಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್. ಆ 100 ಗ್ರಾಂ ಪೂರಾ ಹೋಯ್ತು ಅಂದ್ರೆ ಮರಕ್ಕೆ 360 ಗ್ರಾಂ ಸುಣ್ಣದ ಸಾಲ. ಪೂರಾ ಹೋಗಲ್ಲ, ಅರ್ಧ ಅಂತಾನೇ ಹಿಡೀರಿ, ವರ್ಷಕ್ಕೆ 180 ಗ್ರಾಂ. ಹತ್ತು ವರ್ಷ ಸುಣ್ಣ ಮುಟ್ಟಿಸಿಲ್ಲ ಅಂದ್ರೆ ಎಷ್ಟಾಯ್ತು ಅಂತ ನೀವೇ ಗುಣಿಸಿ ನೋಡಿ. ಅಮೋನಿಯಂ ಸಲ್ಫೇಟ್ ಹಾಕೋರಿಗೆ ಈ ಲೆಕ್ಕ ಹೆಚ್ಚುಕಡಿಮೆ ಡಬಲ್ ಆಗತ್ತೆ. ನೀವು ಕೇಳಿದ್ರಲ್ಲ, ಕೊಚ್ಚಿ ಹೋಗೋದು ಲೆಕ್ಕ ಹಿಡಿದು ಜಾಸ್ತಿ ಹಾಕ್ಬೇಕಾ ಅಂತ, ಜಾಸ್ತಿ ಹಾಕಿದ್ದು ಜಾಸ್ತಿ ಸೋರತ್ತೆ, ಸೋರುವಾಗ ಇರೋ ಕ್ಯಾಲ್ಸಿಯಂ, ಮೆಗ್ನೀಸಿಯಂನೂ ಎಳ್ಕೊಂಡು ಹೋಗತ್ತೆ, ಅದಕ್ಕೇ ಬೇಡ ಅಂದಿದ್ದು.

ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೀತೀವಲ್ಲ, ಅದ್ರಲ್ಲಿ ಸುಣ್ಣ ಇದೆಯಲ್ಲ, ಸಾಕಾಗಲ್ವಾ ಅಂತ ತುಂಬಾ ಜನ ಕೇಳ್ತಾರೆ. ಸಾಕಾಗಲ್ಲ. ಶೇಕಡಾ 1ರ ಬೋರ್ಡೋದಲ್ಲಿ ಲೀಟರಿಗೆ 10 ಗ್ರಾಂ ಸುಣ್ಣ ಅಷ್ಟೇ ಇರೋದು, ಮರಕ್ಕೆ ಒಂದೆರಡು ಲೀಟರ್ ಹೊಡೆದ್ರೂ ಮೇಲಿನ ಲೆಕ್ಕದ ಮುಂದೆ ಅದು ಏನೂ ಅಲ್ಲ. ಮೈಲುತುತ್ತದ ತಾಮ್ರ ಮಾತ್ರ ನೈಟ್ರೇಟ್ ತರ ಇಳಿದು ಹೋಗಲ್ಲ, ಮೇಲ್ಮಣ್ಣಲ್ಲೇ ಕೂರತ್ತೆ, ವರ್ಷ ವರ್ಷ ಸೇರ್ತಾ ಹೋಗತ್ತೆ.

ಹುಳಿ ಆದ್ರೆ ಏನು ತೊಂದ್ರೆ? ಪಿಎಚ್ 5.5ಕ್ಕಿಂತ ಕೆಳಗೆ ಹೋದ ಹಾಗೆ ಮಣ್ಣಿನ ಅಲ್ಯುಮಿನಿಯಂ ಕರಗೋಕೆ ಶುರು ಆಗತ್ತೆ, ಕರಗಿದ ಅಲ್ಯುಮಿನಿಯಂ ಎಳೆ ಬೇರಿನ ತುದಿಗೆ ವಿಷ. ಬುಡದ ಹತ್ರ ಒಂದಡಿ ಕೆದಕಿ ನೋಡಿ, ಬಿಳಿ ಬಿಳಿ ಸಣ್ಣ ಬೇರು ಕವಲೊಡೆದು ಹರಡಿರ್ಬೇಕು. ಅದರ ಬದಲು ಗಿಡ್ಡಕ್ಕೆ, ದಪ್ಪಕ್ಕೆ, ತುದಿ ಕಂದು ಬಣ್ಣಕ್ಕೆ ತಿರುಗಿ ನಿಂತಿದ್ರೆ ಆ ಬೇರು ಏನೂ ಹೀರ್ಕೊಳ್ಳಲ್ಲ, ನೀರು ನಿಂತು ಹಾಳಾದ ಬೇರೂ ಹೀಗೇ ಕಾಣಬಹುದು, ಅದನ್ನೂ ನೋಡ್ಕೊಳ್ಳಿ. ಬೇರು ಚಿಕ್ಕದಾದಷ್ಟೂ ಹಾಕಿದ ಗೊಬ್ಬರ ಹೆಚ್ಚು ಸೋರತ್ತೆ, ಸೋರಿದಷ್ಟೂ ಹುಳಿ ಹೆಚ್ಚು, ಹುಳಿ ಹೆಚ್ಚಾದಷ್ಟೂ ಬೇರು ಚಿಕ್ಕದು. ಇದೇ ಚಕ್ರದಲ್ಲಿ ನಿಮ್ಮ ತೋಟ ಸಿಕ್ಕಿ ಹಾಕ್ಕೊಂಡಿರೋದು ಅಂತ ನನಗೆ ಅನ್ನಿಸ್ತಿದೆ.

ಈ ಕೆಲಸ ಮಳೆ ಇವತ್ತು ನಿನ್ನೆ ಶುರು ಮಾಡಿದ್ದಲ್ಲ. ನಿಮ್ಮ ಜಂಬಿಟ್ಟಿಗೆ ಹುಟ್ಟಿದ್ದೇ ಲೀಚಿಂಗ್‌ನಿಂದ. ಲಕ್ಷಾಂತರ ವರ್ಷ ಬಿಸಿಲು ಮಳೆ ಬಡಿದು ಬಂಡೆಯೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಶಿಯಂ ಹೋಯ್ತು, ಆಮೇಲೆ ಸಿಲಿಕಾನೂ ಬಹುಪಾಲು ಹೋಯ್ತು, ಕೊನೆಗೆ ಕರಗದೆ ಉಳಿದಿದ್ದು ಕಬ್ಬಿಣ, ಅಲ್ಯುಮಿನಿಯಂನ ಆಕ್ಸೈಡುಗಳು, ಒಂದಷ್ಟು ಕೆಯೋಲಿನೈಟ್ ಜೇಡಿ. ಕೆಂಪು ಬಣ್ಣ ಆ ಕಬ್ಬಿಣದ್ದೇ. ದಕ್ಷಿಣ ಕನ್ನಡ, ಉಡುಪಿ ಕಡೆ ಮನೆ ಕಟ್ಟೋಕೆ ಕಡಿಯೋ ಮುರಕಲ್ಲು ನೋಡಿದ್ರೆ ಗೊತ್ತಾಗತ್ತೆ, ತೂತು ತೂತಾಗಿರತ್ತೆ, ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಒಣಗಿದ ಮೇಲೆ ಗಟ್ಟಿ. ಬುಕಾನನ್ ಅನ್ನೋ ಬ್ರಿಟಿಷ್ ಅಧಿಕಾರಿ ಕೇರಳದ ಅಂಗಡಿಪುರಂನಲ್ಲಿ ಇದನ್ನೇ ಕಂಡು 1807ರಲ್ಲಿ ಲ್ಯಾಟರೈಟ್ ಅಂತ ಹೆಸರು ಕೊಟ್ಟು ಬರೆದ, ಇವತ್ತು ಪ್ರಪಂಚವೆಲ್ಲಾ ಅದೇ ಹೆಸರಲ್ಲಿ ಕರೆಯತ್ತೆ.

ಇಂಥ ಮಣ್ಣಿನ ದೊಡ್ಡ ಕೊರತೆ ಅಂದ್ರೆ ಹಿಡ್ಕೊಳ್ಳೋ ಶಕ್ತಿ. ಲ್ಯಾಬ್ ಭಾಷೆಯಲ್ಲಿ ಇದಕ್ಕೆ ಸಿಇಸಿ ಅಂತಾರೆ. ಉತ್ತರ ಕರ್ನಾಟಕದ ಎರೆ ಮಣ್ಣಲ್ಲಿ ಇದು 40-50 ಯುನಿಟ್ ಇರೋದು ಸಾಮಾನ್ಯ, ಜಂಬಿಟ್ಟಿಗೆಯಲ್ಲಿ ಹತ್ತರ ಆಸುಪಾಸು ಅಥವಾ ಅದಕ್ಕಿಂತ ಕಮ್ಮಿ. ಅದ್ರಲ್ಲೂ ಬಹುಪಾಲು ಜೇಡಿಯದ್ದಲ್ಲ, ಸಾವಯವ ವಸ್ತುವಿನದ್ದು. ಚೆನ್ನಾಗಿ ಕೊಳೆತ ಹ್ಯೂಮಸ್ ತೂಕಕ್ಕೆ ತೂಕ ಲೆಕ್ಕ ಹಾಕಿದ್ರೆ ಕೆಯೋಲಿನೈಟ್ ಜೇಡಿಗಿಂತ ಎಷ್ಟೋ ಪಟ್ಟು ಹೆಚ್ಚು ಹಿಡ್ಕೊಳ್ಳತ್ತೆ. ನಿಮ್ಮ ರಿಪೋರ್ಟಲ್ಲಿ ಸಾವಯವ ಇಂಗಾಲ 1.1 ಅಂತ ಇದೆ, 0.75ಕ್ಕಿಂತ ಮೇಲಿದ್ರೆ ಉತ್ತಮ ಅಂತ ಲೆಕ್ಕ, ಹಾಗಾಗಿ ಅದು ಚೆನ್ನಾಗೇ ಇದೆ ಅಂತ ಬಿಟ್ಟಿರ್ತೀರಿ. ಬಿಡ್ಬೇಡಿ. ನಿಮ್ಮ ಮಣ್ಣಲ್ಲಿ ಪೋಷಕಾಂಶ ಕೂರೋಕೆ ಇರೋ ಜಾಗ ಬಹುಪಾಲು ಅದೊಂದೇ, ಅದು ಕಮ್ಮಿ ಆದ್ರೆ ಬೇರೆ ಆಸರೆ ಇಲ್ಲ.

ಹಳದಿ ವಿಷಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಎಚ್ಚರ ಬೇಕು. ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ ಕೊರತೆ ಮೊದಲು ಕಾಣೋದು ಕೆಳಗಿನ ಹಳೇ ಸೋಗೆಯಲ್ಲಿ, ಯಾಕಂದ್ರೆ ಮರ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡತ್ತೆ. ಸಾರಜನಕ ಕಮ್ಮಿ ಆದ್ರೆ ಇಡೀ ಎಲೆ ಒಂದೇ ಸಮ ತೆಳು ಹಸಿರು-ಹಳದಿ. ಪೊಟ್ಯಾಶ್ ಆದ್ರೆ ತುದಿ, ಅಂಚು ಹಳದಿಯಾಗಿ ಆಮೇಲೆ ಸುಟ್ಟ ಹಾಗೆ ಒಣಗತ್ತೆ. ಮೆಗ್ನೀಸಿಯಂ ಆದ್ರೆ ನರ ಹಸಿರಾಗೇ ಇದ್ದು ನಡುವಿನ ಭಾಗ ಹಳದಿ. ಬೋರಾನ್, ಕ್ಯಾಲ್ಸಿಯಂ ಕೊರತೆ ಉಲ್ಟಾ, ಹೊಸ ಸುಳಿಯಲ್ಲಿ ಕಾಣತ್ತೆ, ಎಲೆ ಸುಕ್ಕು, ಗಿಡ್ಡ. ಆದ್ರೆ ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಹಳದಿ ಎಲೆ ರೋಗಾನೂ ಇದೆ, ಅದು ಫೈಟೋಪ್ಲಾಸ್ಮಾ ಅನ್ನೋ ರೋಗಾಣುವಿಂದ ಬರೋದು, ಲೀಚಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ, ಸುಣ್ಣ ಹಾಕಿದ್ರೆ ವಾಸಿ ಆಗಲ್ಲ. ತೋಟದಲ್ಲಿ ಎಲ್ಲಾ ಮರಾನೂ ಹೆಚ್ಚುಕಮ್ಮಿ ಒಂದೇ ತರ ಮಂಕಾಗಿದ್ರೆ ಕೊರತೆಯ ಅನುಮಾನ, ಅಲ್ಲೊಂದು ಇಲ್ಲೊಂದು ಮರ ಹಳದಿಯಾಗಿ ಅಕ್ಕಪಕ್ಕಕ್ಕೆ ಹರಡ್ತಾ ಇದ್ರೆ, ಕಾಯಿ ಉದುರ್ತಾ ಇದ್ರೆ, ಒಡೆದು ನೋಡಿದಾಗ ಒಳಗಿನ ತಿರುಳು ಕಪ್ಪಾಗಿದ್ರೆ ರೋಗದ ಅನುಮಾನ. ಇದು ಫೋಟೋದಲ್ಲಿ ತೀರ್ಮಾನ ಮಾಡೋ ವಿಷಯ ಅಲ್ಲ, ಕೃಷಿ ವಿಜ್ಞಾನ ಕೇಂದ್ರದೋರನ್ನೋ ತೋಟಗಾರಿಕೆ ಇಲಾಖೆಯೋರನ್ನೋ ತೋಟಕ್ಕೇ ಕರ್ಕೊಂಡು ಬಂದು ತೋರ್ಸಿ.

ಸರಿ, ಮಾಡೋದೇನು. ಮೊದಲನೇದು ಟೈಮು. ಜೂನ್-ಜುಲೈಯಲ್ಲಿ ಯೂರಿಯಾ, ಪೊಟ್ಯಾಶ್ ಮುಟ್ಟಲೇಬೇಡಿ. ನೀರಾವರಿ ಇರೋ ತೋಟಕ್ಕೆ ಅರ್ಧ ಸೆಪ್ಟೆಂಬರ್ ಕೊನೆ-ಅಕ್ಟೋಬರಲ್ಲಿ ಮಳೆ ಇಳಿದ ಮೇಲೆ, ಇನ್ನರ್ಧ ಫೆಬ್ರುವರಿಯಲ್ಲಿ ನೀರು ಕೊಡುವಾಗ. ಬೇಸಿಗೆ ನೀರಿಲ್ಲದ ತೋಟ ಆದ್ರೆ ಫೆಬ್ರುವರಿ ಬದಲು ಮಾರ್ಚ್-ಏಪ್ರಿಲಲ್ಲಿ ಮೊದಲ ಮಳೆ ಬಿದ್ದು ನೆಲ ಹದ ಆದಾಗ. ಡ್ರಿಪ್ ಇದ್ರೆ ಇನ್ನೂ ಅನುಕೂಲ, ನವೆಂಬರಿಂದ ಏಪ್ರಿಲ್ ತನಕ ಸಣ್ಣ ಸಣ್ಣ ಕಂತಲ್ಲಿ ನೀರಿನ ಜೊತೆ ಕೊಡಬಹುದು, ಬೇರು ಹೀರೋವಷ್ಟೇ ಕೊಟ್ಟ ಹಾಗೆ ಆಗತ್ತೆ, ಸೋರೋಕೆ ಏನೂ ಉಳಿಯಲ್ಲ. ರಾಕ್ ಫಾಸ್ಫೇಟ್ ಮಾತ್ರ ಮಳೆಗಾಲದ ಮುಂಚೆ ಹಾಕಿದ್ರೂ ನಡೆಯತ್ತೆ, ಅದು ಇಳಿದು ಹೋಗೋದಲ್ಲ, ಹುಳಿ ಮಣ್ಣಲ್ಲಿ ನಿಧಾನಕ್ಕೆ ಕರಗತ್ತೆ.

ಎರಡನೇದು ಸೊಪ್ಪು. ನಿಮ್ಮ ಹಿರಿಯರು ಸೊಪ್ಪಿನ ಬೆಟ್ಟದಿಂದ ಮಳೆಗಾಲಕ್ಕೆ ಮುಂಚೆ ಹಸಿ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಬುಡಕ್ಕೆ ದಪ್ಪಗೆ ಮುಚ್ತಿದ್ರಲ್ಲ, ಲೀಚಿಂಗ್ ದೃಷ್ಟಿಯಿಂದ ನೋಡಿದ್ರೆ ಅದಕ್ಕಿಂತ ಚೆನ್ನಾದ ಪದ್ಧತಿ ನನಗೆ ಗೊತ್ತಿಲ್ಲ. ಮೂರು ಕೆಲಸ ಒಟ್ಟಿಗೆ ಆಗತ್ತೆ. ಬೆಟ್ಟದ ಮರಗಳ ಬೇರು ಅಡಿಕೆ ಬೇರಿಗಿಂತ ಎಷ್ಟೋ ಆಳ, ಕೆಳಗೆ ಇಳಿದು ಹೋಗಿರೋ ಕ್ಯಾಲ್ಸಿಯಂ, ಪೊಟ್ಯಾಶ್‌ನ ಅವು ಮೇಲೆತ್ತಿ ಎಲೆಗೆ ತಂದಿರ್ತವೆ, ಆ ಎಲೆ ತೋಟಕ್ಕೆ ಬಂತು ಅಂದ್ರೆ ಮಳೆ ಒಯ್ದಿದ್ದರಲ್ಲಿ ಒಂದು ಪಾಲು ವಾಪಸ್ ಬಂದ ಹಾಗೆ. ಒಣ ದರಕಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ, ಅದನ್ನ ಕೊಳೆಸೋ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಅವು ಮಣ್ಣಲ್ಲಿ ಓಡಾಡೋ ನೈಟ್ರೇಟ್‌ನ ಹಿಡಿದು ತಮ್ಮ ಮೈಯೊಳಗೆ ಇಟ್ಕೊಳ್ತವೆ, ಮಳೆ ನಿಂತ ಮೇಲೆ ನಿಧಾನಕ್ಕೆ ಬಿಡ್ತವೆ, ಅಂದ್ರೆ ಜುಲೈಯಲ್ಲಿ ಸೋರಿ ಹೋಗ್ಬೇಕಾಗಿದ್ದು ಅಕ್ಟೋಬರಲ್ಲಿ ಮರಕ್ಕೆ ಸಿಗತ್ತೆ. ಕೊನೆಗೆ ಕೊಳೆತು ಉಳಿದಿದ್ದು ಹ್ಯೂಮಸ್ ಆಗಿ ಆ ಹಿಡ್ಕೊಳ್ಳೋ ಜಾಗ ಹೆಚ್ಚಿಸತ್ತೆ. ಶಿಫಾರಸಲ್ಲೂ ಮರಕ್ಕೆ ವರ್ಷಕ್ಕೆ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಕೊಟ್ಟಿಗೆ ಗೊಬ್ಬರ ಅಂತ ಇದೆ, ಜನ ಎನ್‌ಪಿಕೆ ಲೆಕ್ಕ ನೆನಪಿಟ್ಕೊಂಡು ಇದನ್ನ ಮರೀತಾರೆ. ಈಗ ಕೆಲಸದೋರು ಸಿಗಲ್ಲ, ಸೊಪ್ಪು ಹೊರೋರಿಲ್ಲ ಅನ್ನೋದು ನನಗೂ ಗೊತ್ತು. ಅಡಿಕೆ ಸೋಗೆ, ಹಾಳೆ, ಸಿಪ್ಪೆಯನ್ನ ಸುಡದೆ, ಮಾರದೆ ತೋಟಕ್ಕೇ ವಾಪಸ್ ಹಾಕಿ, ಸಾಲಿನ ಮಧ್ಯ ಬಾಳೆ, ಕೋಕೋ ಇದ್ರೆ ಅವುಗಳ ಎಲೆಯೂ ಬೀಳತ್ತೆ, ಬೇರೆ ಬೇರೆ ಆಳದ ಬೇರು ಇರೋದ್ರಿಂದ ಒಂದು ಬಿಟ್ಟಿದ್ದನ್ನ ಇನ್ನೊಂದು ಹಿಡಿಯತ್ತೆ. ಮಳೆಗಾಲದಲ್ಲಿ ಕಳೆಯನ್ನ ಬೇರು ಸಮೇತ ಕೆತ್ತಿ ನೆಲ ಬೋಳು ಮಾಡೋದು ಬಿಡಿ, ಮೇಲೆ ಸವರಿ ಅಲ್ಲೇ ಹಾಕಿ. ಆ ನಾಲ್ಕು ತಿಂಗಳು ಕಳೆ ಬೇರು ನಿಮ್ಮ ಗೊಬ್ಬರ ಕಾಯೋ ಕೆಲಸ ಮಾಡ್ತಿರತ್ತೆ.

ಮೂರನೇದು ಸುಣ್ಣ. 4.8ಕ್ಕೆ ಸುಣ್ಣ ಬೇಕೇ ಬೇಕು, ನಿಮ್ಮ ಮಣ್ಣಲ್ಲಿ ಮೆಗ್ನೀಸಿಯಂ ಕೂಡ ಹೋಗಿರೋ ಸಾಧ್ಯತೆ ಇರೋದ್ರಿಂದ ಡೋಲೋಮೈಟ್ ಒಳ್ಳೇದು, ಅದ್ರಲ್ಲಿ ಎರಡೂ ಇದೆ. ಎಷ್ಟು ಅನ್ನೋದನ್ನ ಮಣ್ಣು ಪರೀಕ್ಷೆಯೋರ ಹತ್ರ ಸುಣ್ಣದ ಅವಶ್ಯಕತೆ ಅಂತಾನೇ ಕೇಳಿ ಬರೆಸ್ಕೊಳ್ಳಿ, ಪಿಎಚ್ ಒಂದೇ ನೋಡಿ ಹೇಳೋಕಾಗಲ್ಲ. ನೆಲದಲ್ಲಿ ತೇವ ಇರುವಾಗ, ಏಪ್ರಿಲ್-ಮೇ ಮಳೆ ಬಿದ್ದ ಮೇಲೆ, ಪಾತಿಯ ತುಂಬಾ ಸಮವಾಗಿ ಹರಡಿ ಮಣ್ಣಲ್ಲಿ ಲಘುವಾಗಿ ಬೆರೆಸಿ. ಯೂರಿಯಾ, ಅಮೋನಿಯಂ ಗೊಬ್ಬರದ ಜೊತೆ ಬೆರೆಸ್ಲೇಬೇಡಿ, ಅಮೋನಿಯಾ ಆಗಿ ಗಾಳಿಗೆ ಹೋಗ್ಬಿಡತ್ತೆ, ಎರಡು ಮೂರು ವಾರ ಅಂತರ ಇರ್ಲಿ. ಹತ್ತು ವರ್ಷದ ಸಾಲ ಒಂದೇ ವರ್ಷದಲ್ಲಿ ತೀರಿಸ್ತೀನಿ ಅಂತ ಮೂಟೆ ಸುರೀಬೇಡಿ, ಪಿಎಚ್ ಒಮ್ಮೆಲೇ ಏರಿದ್ರೆ ಸತು, ಬೋರಾನ್ ಸಿಗದ ಹಾಗಾಗತ್ತೆ.

ಬಸಿಗಾಲುವೆ ಬಗ್ಗೆ ಒಂದು ಗೊಂದಲ ಇರತ್ತೆ, ನೀರು ಇಳಿದ್ರೆ ತಾನೇ ಲೀಚಿಂಗ್, ಹಾಗಾದ್ರೆ ಕಾಲುವೆ ಮುಚ್ಚಿದ್ರೆ ಒಳ್ಳೇದಲ್ವಾ ಅಂತ. ಬೇಡ. ನೀರು ನಿಂತ್ರೆ ಅಡಿಕೆ ಬೇರಿಗೆ ಉಸಿರು ಕಟ್ಟತ್ತೆ, ಮೇಲಾಗಿ ಗಾಳಿಯಿಲ್ಲದ ಮಣ್ಣಲ್ಲಿ ನೈಟ್ರೇಟ್ ಅನಿಲ ಆಗಿ ಹಾರಿ ಹೋಗತ್ತೆ, ಹೋಗೋ ದಾರಿ ಬೇರೆ ಅಷ್ಟೇ. ಕಾಲುವೆ ಸ್ವಚ್ಛವಾಗಿರ್ಲಿ.

ಇನ್ನು ಪಕ್ಕದ ತೋಟದವರ ಮಾತು. ಸಾವಯವದಲ್ಲಿ ಲೀಚಿಂಗ್ ಕಮ್ಮಿ ಅನ್ನೋದು ನಿಜ, ಆಗೋದೇ ಇಲ್ಲ ಅನ್ನೋದು ನಿಜ ಅಲ್ಲ. ಮಳೆಗಾಲದಲ್ಲಿ ಮುಚ್ಚಿಗೆ ಇಲ್ಲದ ಗೊಬ್ಬರ ಗುಂಡಿಯ ಬಾಯಿಗೆ ಹೋಗಿ ನಿಂತು ನೋಡಿ, ಅಂಚಿನಿಂದ ಟೀ ಬಣ್ಣದ ನೀರು ಎಳೆ ಎಳೆಯಾಗಿ ಹರೀತಾ ಇರತ್ತೆ. ಆ ಬಣ್ಣದ ನೀರಲ್ಲಿರೋದು ಸಗಣಿ, ಗಂಜಲದ ಪೊಟ್ಯಾಶು, ಸಾರಜನಕ. ಪೊಟ್ಯಾಶ್ ಅನ್ನೋದು ಸಗಣಿ-ಗಂಜಲದಲ್ಲೂ, ಸೊಪ್ಪಲ್ಲೂ, ಬೂದಿಯಲ್ಲೂ ನೀರಲ್ಲಿ ಕರಗೋ ರೂಪದಲ್ಲೇ ಇರೋದು. ಎರಡು ತಿಂಗಳು ಮಳೆಗೆ ಬಿಟ್ಟ ಗೊಬ್ಬರ ಅಕ್ಟೋಬರಲ್ಲಿ ತೆಗೆದು ಹಾಕಿದ್ರೆ ಹ್ಯೂಮಸ್ ಸಿಗತ್ತೆ, ಪೊಟ್ಯಾಶ್ ಸಿಗಲ್ಲ. ಒಲೆ ಬೂದಿಯನ್ನ ಹಿತ್ತಲಲ್ಲಿ ರಾಶಿ ಹಾಕಿ ನೆನೆಯೋಕೆ ಬಿಟ್ರೂ ಅಷ್ಟೇ. ಗುಂಡಿಗೆ ಸೋಗೆದೋ ಶೀಟಿಂದೋ ಒಂದು ಚಪ್ಪರ ಹಾಕಿ, ಅದರ ಖರ್ಚು ಒಂದೇ ವರ್ಷದ ಪೊಟ್ಯಾಶಲ್ಲಿ ಬಹುಪಾಲು ವಾಪಸ್ ಬರತ್ತೆ ಅಂತ ನನ್ನ ಅಂದಾಜು.

ನಿಮ್ಮ ಭಾವ ಹೇಳಿದ್ದೂ ಸರಿ, ಅವರ ನೆಲದ ಕಷ್ಟ ನಿಮ್ಮದಕ್ಕೆ ಪೂರ್ತಿ ಉಲ್ಟಾ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಮಳೆ ಕಮ್ಮಿ, ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಎರೆ ನೆಲದಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ. ನೀರು ಕೆಳಗೆ ಬಸಿಯೋಕೆ ದಾರಿ ಇಲ್ಲದೆ ಅಂತರ್ಜಲ ಮೇಲೇರ್ತಾ ಬರತ್ತೆ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮೇಲೆ ಉಳಿಯತ್ತೆ, ಬೇಸಿಗೆಯಲ್ಲಿ ಗದ್ದೆ ಮೇಲೆ ಬೆಳ್ಳಗೆ ಪದರ ಕಟ್ಟತ್ತೆ. ಸವಳು-ಜವಳು ಅನ್ನೋದು ಇದಕ್ಕೇ. ಅಲ್ಲಿ ಲೀಚಿಂಗ್ ಆಗದೇ ಇರೋದೇ ರೋಗ. ಅದಕ್ಕೆ ಬದು ಕಟ್ಟಿ ಒಳ್ಳೆ ನೀರು ನಿಲ್ಲಿಸಿ, ನೆಲದಡಿ ಪೈಪ್ ಹಾಕಿಯೋ ಆಳದ ಬಸಿಗಾಲುವೆ ತೆಗೆದೋ ಉಪ್ಪನ್ನ ಕರಗಿಸಿ ಹೊರಗೆ ಕಳಿಸ್ತಾರೆ. ಬಸಿಯೋ ದಾರಿ ಇಲ್ಲದೆ ನೀರು ಮಾತ್ರ ನಿಲ್ಲಿಸಿದ್ರೆ ಉಪ್ಪು ಇನ್ನೂ ಮೇಲೆ ಬರತ್ತೆ. ಸೋಡಿಯಂ ಜಾಸ್ತಿ ಆಗಿ ಪಿಎಚ್ 8.5 ದಾಟಿರೋ ನೆಲಕ್ಕೆ ಮೊದಲು ಜಿಪ್ಸಂ ಹಾಕಿ, ಅದರ ಕ್ಯಾಲ್ಸಿಯಂ ಸೋಡಿಯಂನ ಕಣದಿಂದ ಎಬ್ಬಿಸಿದ ಮೇಲೆ ನೀರು ಕೊಡ್ಬೇಕು, ಬರೀ ನೀರಿಗೆ ಆ ನೆಲ ಜಗ್ಗಲ್ಲ, ಇಂಗೋದೇ ಇಲ್ಲ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದೋರು ಇದರ ಮೇಲೇ ಕೆಲಸ ಮಾಡ್ತಾರೆ, ಭಾವನಿಗೆ ಮುಂದಿನ ಸಲಹೆ ಬೇಕಿದ್ರೆ ಅಲ್ಲಿಗೇ ಹೋಗೋದು ಒಳ್ಳೇದು.

ನಮ್ಮ ಕರಾವಳಿಯಲ್ಲೂ ಲೀಚಿಂಗ್‌ನ ನಂಬಿ ಬೆಳೆ ತೆಗೆಯೋರಿದಾರೆ. ಕುಮಟಾ ತಾಲೂಕಲ್ಲಿ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು, ಸಮುದ್ರದ ಉಬ್ಬರದಲ್ಲಿ ಉಪ್ಪು ನೀರು ತುಂಬೋ ಜಾಗ. ಮುಂಗಾರು ಮಳೆ ಉಪ್ಪನ್ನ ತೊಳೆದ ಮೇಲೇ ಅಲ್ಲಿ ಕಗ್ಗ ಭತ್ತ ಮೇಲೇಳೋದು, ಕಗ್ಗ ಉಪ್ಪು ತಡೆಯೋ ತಳಿ ಆದ್ರೂ ಮೊಳಕೆ ಹೊತ್ತಿಗೆ ಮಳೆ ತೊಳೀಬೇಕು. ನಿಮ್ಮ ತೋಟದ ಕ್ಯಾಲ್ಸಿಯಂ ಒಯ್ಯೋ ಅದೇ ಮಳೆ ಅವರಿಗೆ ಅನ್ನ ಕೊಡತ್ತೆ.

ಮುಂದಿನ ಸಲ ಮಣ್ಣು ಟೆಸ್ಟ್ ಮಾಡ್ಸುವಾಗ ಒಂದೇ ಸ್ಯಾಂಪಲ್ ಕೊಡ್ಬೇಡಿ. ತೋಟದ ಏಳೆಂಟು ಮರದ ಪಾತಿಯಿಂದ ಮೇಲಿನ ಒಂದಡಿ ಮಣ್ಣು ಬೇರೆ, ಅದರ ಕೆಳಗಿನ ಒಂದಡಿ ಬೇರೆ ತೆಗೆದು, ಬೇರೆ ಬೇರೆ ಬೆರೆಸಿ ಎರಡು ಸ್ಯಾಂಪಲ್ ಮಾಡಿ. ಮಳೆಗಾಲ ಮುಗಿದು ಗೊಬ್ಬರ ಹಾಕೋಕೆ ಮುಂಚೆ, ಸೆಪ್ಟೆಂಬರಲ್ಲಿ ತೆಗೆದ್ರೆ ಮಳೆ ಏನು ಮಾಡಿದೆ ಅಂತ ನೇರ ಗೊತ್ತಾಗತ್ತೆ. ಮೇಲೆ ಪೊಟ್ಯಾಶ್ ಕಮ್ಮಿ ಇದ್ದು ಕೆಳಗೆ ಜಾಸ್ತಿ ಇದ್ರೆ ಅದು ಇಳಿದು ಹೋಗ್ತಾ ಇದೆ ಅಂತ, ಎರಡರಲ್ಲೂ ಕಮ್ಮಿ ಇದ್ರೆ ಅದು ಬೇರಿನ ವಲಯನೂ ದಾಟಿ ಹೋಗಿದೆ ಇಲ್ಲಾ ಸಾಕಷ್ಟು ಹಾಕೇ ಇಲ್ಲ ಅಂತ. ಕೆಳಗಿನ ಮಣ್ಣಿನ ಪಿಎಚ್ ಮೇಲಿನದ್ದಕ್ಕಿಂತ ಕಮ್ಮಿ ಬಂದ್ರೆ ನನಗೆ ಖಂಡಿತ ಬರೀರಿ, ಅದರ ದಾರಿ ಸ್ವಲ್ಪ ಬೇರೆ, ಮೇಲೆ ಹಾಕಿದ ಸುಣ್ಣ ಅಲ್ಲಿಗೆ ಇಳಿಯೋಕೆ ವರ್ಷಗಳು ಬೇಕು.

ಕೊನೆಯದಾಗಿ ನೀವು ಕೇಳದೇ ಇರೋ ಒಂದು ವಿಷಯ. ನಿಮ್ದು ಇಳಿಜಾರು ತೋಟ ಅಂದ್ರಿ, ಕುಡಿಯೋ ನೀರಿನ ಬಾವಿ ತೋಟದ ಅಥವಾ ಕೊಟ್ಟಿಗೆಯ ಕೆಳಗಿದ್ರೆ ನೀರನ್ನ ನೈಟ್ರೇಟ್‌ಗೆ ಟೆಸ್ಟ್ ಮಾಡ್ಸಿ. ಮಲೆನಾಡಲ್ಲಿ ಮಳೆ ಜಾಸ್ತಿ ಇರೋದ್ರಿಂದ ತೆಳುವಾಗಿ ಹೋಗೋ ಸಾಧ್ಯತೆನೇ ಹೆಚ್ಚು, ಹೆದರಿಸ್ತಾ ಇಲ್ಲ. ಆದ್ರೆ ಕುಡಿಯೋ ನೀರಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದನ್ನ ದಾಟಿದ ನೀರಲ್ಲಿ ಆರು ತಿಂಗಳೊಳಗಿನ ಮಗುವಿಗೆ ಪುಡಿ ಹಾಲು ಕಲಸಿ ಕೊಟ್ರೆ ರಕ್ತ ಆಮ್ಲಜನಕ ಒಯ್ಯೋ ಶಕ್ತಿ ಕಳ್ಕೊಳ್ಳೋ ಅಪಾಯ ಇದೆ. ಕುದಿಸಿದ್ರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗತ್ತೆ, ಮಾಮೂಲಿ ಕ್ಯಾಂಡಲ್ ಫಿಲ್ಟರಿಗೂ ಅದು ಸಿಗಲ್ಲ. ಮನೆಯಲ್ಲಿ ಚಿಕ್ಕ ಮಗು ಇದ್ರೆ ಮಣ್ಣಿನ ರಿಪೋರ್ಟಿಗೆ ಕಾಯ್ಬೇಡಿ, ನೀರಿನ ಟೆಸ್ಟ್ ಈ ವಾರಾನೇ ಮಾಡ್ಸಿ.